ಅಕ್ಕನಿಗೆ ಬರೆದುಕೊಟ್ಟ ಅರ್ಜಿಗಳು

ಜಗಳೂರಿನ ಸಂತೆಯಲ್ಲಿ ಅಕ್ಕ ಎದುರಿಗೆ ಸಿಕ್ಕರೆ ನಾನು ಈರುಳ್ಳಿ ಆರಿಸುವವನಂತೆ ಬಗ್ಗಿಬಿಡುತ್ತೇನೆ. ಅವಳು "ತಮ್ಮಾ" ಎಂದು ಒಂದು ಸಲ ಕರೆದು, ಸ್ವಲ್ಪ ಹೊತ್ತು ನಿಂತು, ಹೋಗುತ್ತಾಳೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಒಡಹುಟ್ಟಿದವಳ ಮೇಲೆ ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದು ಎಂದು ಬುದ್ಧಿ ಹೇಳುವವರಿಗೇನೂ ಕಮ್ಮಿಯಿಲ್ಲ. ಅವರಿಗೆ ನಡೆದದ್ದು ಗೊತ್ತಿಲ್ಲ. ಗೊತ್ತಾದ ಮೇಲೂ ಹೇಳುವುದಿದ್ದರೆ ಹೇಳಲಿ, ನಾನಂತೂ ಕೇಳುವುದಿಲ್ಲ.

ನಾನು ತಿಪ್ಪೇಶಪ್ಪ, ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರು. ಅಕ್ಕ ಅಂಜಮ್ಮ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ಹೋದಳು. ನನ್ನನ್ನು ಓದಿಸಿ ಮೇಷ್ಟ್ರು ಮಾಡಿದ್ದು ಅಕ್ಕನ ಕುರಿಗಳು. ವರ್ಷಕ್ಕೆ ಎರಡು ಟಗರು ನನ್ನ ಫೀಜಿಗೆ, ಬಟ್ಟೆಬರೆಗೆ ಎಂದು ಹೋಗುತ್ತಿದ್ದವು. ಆ ಕುರಿಗಳು ಅವಳ ಸ್ವಂತದವು. ಅಪ್ಪ ಮದುವೆಯಲ್ಲಿ ಬಳುವಳಿ ಎಂದು ಕೊಟ್ಟ ಇಪ್ಪತ್ತು ಕುರಿ ಮರಿ ಹಾಕಿ, ಆ ಮರಿಗಳೂ ಮರಿ ಹಾಕಿ, ತೊಂಬತ್ತರ ಹತ್ತಿರ ಬಂದಿದ್ದವು. ಭಾವ ಓಬಣ್ಣ ಆ ಮದುವೆಗೆ ತಂದದ್ದು ಒಂದು ಕಂಬಳಿ, ಒಂದು ನಾಯಿ. ಆದರೆ ಕುರಿ ಕಾಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಣ್ಣು ಮುಚ್ಚಿ ಬೆನ್ನು ಸವರಿಯೇ ಇದು ಯಾವ ಕುರಿ ಎಂದು ಹೇಳುತ್ತಿದ್ದ. ಮನುಷ್ಯರ ವಿಷಯದಲ್ಲಿ ಮಾತ್ರ ಅವನ ಕೈಗೆ ಆ ಗುಣ ಇರಲಿಲ್ಲ.

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಕಡೆ ಹಸಿರಾಗಿ ಉಳಿಯುವುದು ಜಾಲಿಗಿಡ ಮಾತ್ರ. ಅಕ್ಕ, ಭಾವ ಇಬ್ಬರೂ ಮಂದೆ ಹೊಡೆದುಕೊಂಡು ಭದ್ರಾ ಚಾನಲ್ಲಿನ ಸೀಮೆಗೆ ಹೋಗುತ್ತಿದ್ದರು. ಮೊದಮೊದಲು ಹೊನ್ನಾಳಿ, ನ್ಯಾಮತಿ ಕಡೆ ಅಲೆದರು. ಆಮೇಲೆ ತ್ಯಾವಣಿಗೆಯ ಹತ್ತಿರ ಒಂದು ಹಳ್ಳಿಯಲ್ಲಿ ಷಣ್ಮುಖಪ್ಪ ಎಂಬ ಜಮೀನುದಾರರು ಸಿಕ್ಕರು. ಹನ್ನೆರಡು ವರ್ಷ ಅವರ ಗದ್ದೆಯನ್ನೇ ಹಿಡಿದಿದ್ದರು. ಕೊಯ್ಲಾದ ಗದ್ದೆಯಲ್ಲಿ ಸುತ್ತ ಬಲೆ ಕಟ್ಟಿ ಕುರಿಗಳನ್ನು ಇಡೀ ರಾತ್ರಿ ಕೂಡುವುದು, ಹಿಕ್ಕೆ, ಗಂಜಲ ಬಿದ್ದು ಗದ್ದೆಗೆ ಗೊಬ್ಬರವಾಗುವುದು, ಅದಕ್ಕೆ ಬದಲಾಗಿ ಭತ್ತ ಅಳೆಸಿಕೊಳ್ಳುವುದು. ವ್ಯವಹಾರ ಇಷ್ಟೇ. ಹನ್ನೆರಡು ವರ್ಷದಲ್ಲಿ ಒಂದು ಸೇರು ಭತ್ತಕ್ಕೂ ಮಾತು ಬಂದಿರಲಿಲ್ಲ.

ಅಲ್ಲಿ ಒಂದು ಪದ್ಧತಿಯಿತ್ತು. ಮಂದೆ ಬಂದ ದಿನ ಗದ್ದೆಯ ಮನೆಯಾಕೆ ಹರಳೆಣ್ಣೆಯಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದು, ಬಲಗೈ ಅದ್ದಿ, ಒಂದೊಂದು ಕುರಿಯ ಬೆನ್ನಿನ ಮೇಲೂ ಅಂಗೈ ಒತ್ತುತ್ತಿದ್ದಳು. ಆ ದಿನಗಳಲ್ಲಿ ಚಾನಲ್ ಏರಿಯ ಮೇಲೆ ಹತ್ತು ಮಂದೆ ಓಡಾಡುತ್ತಿರುತ್ತವೆ. ಯಾವ ಮಂದೆ ಯಾರ ಗದ್ದೆಗೆ ಗೊತ್ತಾದದ್ದು ಎಂದು ದೂರದಿಂದಲೇ ತಿಳಿಯಬೇಕು, ಅದಕ್ಕೆ. ಷಣ್ಮುಖಪ್ಪನವರ ಹೆಂಡತಿ ನಿರ್ಮಲಮ್ಮನದು ಸಣ್ಣ ಕೈ, ಕಿರುಬೆರಳು ಸ್ವಲ್ಪ ಸೊಟ್ಟ. ಅಕ್ಕನಿಗೆ ಆ ಗುರುತೆಂದರೆ ಹೆಮ್ಮೆ. "ಅಮ್ಮಾರ ಕೈ ಬಿದ್ರೆ ಕುರಿಗೇ ಒಂದು ಕಳೆ ಬರ್ತೈತೆ" ಎನ್ನುತ್ತಿದ್ದಳು. ನಮ್ಮದೇ ಬೇರೆ ಗುರುತು ಇರಲಿಲ್ಲ. ಬೇರೆಯವರು ಕುರಿಯ ಕಿವಿ ಕೊಯ್ದು ಗುರುತು ಮಾಡಿಕೊಳ್ಳುತ್ತಾರೆ, ನಮ್ಮ ಮನೆತನದವರು ಮಾಡುವುದಿಲ್ಲ. ಕಿವಿ ಊನವಾದ ಕುರಿ ದೇವರಿಗೆ ಸಲ್ಲುವುದಿಲ್ಲ ಎಂದು ನಮ್ಮವರ ನಂಬಿಕೆ. ಹೀಗಾಗಿ ನಮ್ಮಕ್ಕನ ತೊಂಬತ್ತು ಕುರಿಗಳ ಮೈಮೇಲೆ ಇದ್ದದ್ದು ನಿರ್ಮಲಮ್ಮನ ಅಂಗೈ ಒಂದೇ.

ಎಂಬತ್ತೆರಡನೇ ಇಸವಿಯ ಮೇ ತಿಂಗಳಲ್ಲಿ ಒಂದು ಸಂಜೆ ಆ ಕಡೆ ಆಲಿಕಲ್ಲು ಬಿತ್ತು. ನಿಂಬೆಹಣ್ಣಿನ ಗಾತ್ರದ ಕಲ್ಲು, ಅರ್ಧ ಗಂಟೆ ಬಿಡದೆ. ಕುರಿಗಳನ್ನು ಆಗಲೇ ಬಲೆಯೊಳಗೆ ಕೂಡಿ ಆಗಿತ್ತು. ಅವು ಬೆದರಿ ಒಂದೇ ಮೂಲೆಗೆ ನುಗ್ಗಿದವು, ಗೂಟ ಕಿತ್ತು ಬಲೆ ಅವುಗಳ ಮೇಲೇ ಬಿತ್ತು. ಅಕ್ಕ ತಲೆಗೆ ಕಂಬಳಿ ಹೊದ್ದು ಕುಡುಗೋಲಿನಿಂದ ಬಲೆ ಕೊಯ್ಯಲು ಹೋಗಿ ಬೆರಳು ಕೊಯ್ದುಕೊಂಡಳು. ಭಾವ ಸಿಕ್ಕ ಸಿಕ್ಕ ಕುರಿಯ ಕಾಲು ಹಿಡಿದು ಎಳೆದು ಹಾಕಿದ. ಕಲ್ಲಿಗೆ ಸತ್ತವೆಷ್ಟೋ, ಉಸಿರು ಕಟ್ಟಿ ಸತ್ತವೆಷ್ಟೋ, ಬೆಳಗಾಗುವಷ್ಟರಲ್ಲಿ ಐವತ್ತೆಂಟು ಕುರಿ ಹೋಗಿದ್ದವು. ಉಳಿದವುಗಳಲ್ಲಿ ಅರ್ಧ ಕುಂಟು. ತಿಂಗಳೊಳಗೆ ಉಳಿದವನ್ನೆಲ್ಲ ಸಿಕ್ಕಷ್ಟಕ್ಕೆ ಮಾರಿದರು.

ಮಾರನೇ ದಿನ ಮಧ್ಯಾಹ್ನ ತಾಲ್ಲೂಕು ಕಚೇರಿಯಿಂದ ಒಬ್ಬರು ಪಂಚನಾಮೆ ಬರೆಯಲು ಬಂದರು. ಪ್ರಕೃತಿ ವಿಕೋಪದಲ್ಲಿ ಸತ್ತ ಜಾನುವಾರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಯಾರದ್ದು, ಎಷ್ಟು ಎಂದು ಬರೆಸಿ ಎಂದರು. ಭಾವ ಬದುಕಿದ ಕುರಿಗಳನ್ನು ಚಾನಲ್ ದಡದ ನೆರಳಿಗೆ ಹೊಡೆದುಕೊಂಡು ಹೋಗಿದ್ದ. ಗದ್ದೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಷಣ್ಮುಖಪ್ಪನವರು ಅವಳನ್ನು ಪಕ್ಕಕ್ಕೆ ಕರೆದರು.

"ನೋಡಂಜಮ್ಮ, ನೀವು ಜಗಳೂರೋರು, ಬೇರೆ ಜಿಲ್ಲೆ. ನಿನ್ನ ಹೆಸರು ಬರೆಸಿದ್ರೆ ಕಾಗದ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡಿ ನಿನ್ನ ಮೊಮ್ಮಕ್ಕಳ ಕಾಲಕ್ಕೆ ದುಡ್ಡು ಬರ್ತೈತೆ. ನನ್ನ ಹೆಸರಲ್ಲಿ ಬರೆಸ್ತೀನಿ. ಬಂದ ದಿನಾನೇ ನಿನ್ನ ಕೈಗೆ ಹಾಕ್ತೀನಿ."

"ಆಗ್ಲಿ ಸಾವ್ಕಾರ್ರೆ, ನಿಮಗೆ ಹೆಂಗೆ ಸರಿ ಕಾಣ್ತೈತೋ ಹಂಗೆ" ಎಂದಳಂತೆ ಅಕ್ಕ. ಹನ್ನೆರಡು ವರ್ಷ ಭತ್ತ ಅಳೆದುಕೊಟ್ಟ ಮನುಷ್ಯನ ಮಾತು, ಅವಳು ಇನ್ನೇನು ಅಂದಾಳು. ಕುರಿ ನಿಮ್ಮದೇ ಎನ್ನುವುದಕ್ಕೆ ಏನು ಆಧಾರ ಎಂದು ಆ ನೌಕರರು ಕೇಳಿದಾಗ ನಿರ್ಮಲಮ್ಮ ಮುಂದೆ ಬಂದು ಸತ್ತ ಕುರಿಯ ಬೆನ್ನಿನ ಮೇಲೆ ಬಲಗೈ ಇಟ್ಟರು. ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು, ಆಲಿಕಲ್ಲಿಗೂ ಅಳಿಸಿರಲಿಲ್ಲ. ಸೊಟ್ಟ ಬೆರಳಿನ ಸಮೇತ ಕೈ ಕೂತಿತು. ನೌಕರರು ಬರೆದುಕೊಂಡರು. ಅಕ್ಕ ಸಾಕ್ಷಿ ಎಂದು ಹೆಬ್ಬೆಟ್ಟು ಒತ್ತಿದಳು.

ದೀಪಾವಳಿಯ ಹೊತ್ತಿಗೆ ಪರಿಹಾರ ಬಂತು. ಭಾವ ಕೇಳಲು ಹೋದಾಗ ಷಣ್ಮುಖಪ್ಪನವರ ಹಿತ್ತಿಲಲ್ಲಿ ಹೊಸದಾಗಿ ಕಟ್ಟಿದ ದೊಡ್ಡಿ, ಅದರೊಳಗೆ ಹೊಸ ಕುರಿಗಳು. "ಯಾವ ದುಡ್ಡು ಓಬಣ್ಣ? ಕುರಿ ನಮ್ಮವು ಅಂತ ನಿನ್ನ ಹೆಂಡ್ತೀನೇ ಹೆಬ್ಬೆಟ್ಟು ಒತ್ತವ್ಳೆ" ಎಂದರಂತೆ. ನಿರ್ಮಲಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಅಕ್ಕ ನನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿದ ದಿನ ನನ್ನ ಮೈ ಉರಿದುಹೋಯಿತು. ಆ ದಂಪತಿ ಮಾಡಿದ್ದು ಹಾಡಹಗಲ ದರೋಡೆ. ಕುರಿ ಕದ್ದವರನ್ನಾದರೂ ಅಟ್ಟಿಸಿಕೊಂಡು ಹೋಗಬಹುದು. ಇವರು ಸತ್ತ ಕುರಿಗಳನ್ನು ಕದ್ದಿದ್ದರು. ಅಕ್ಕ ಅಳಲಿಲ್ಲ. ಕೆಳಗೆ ಕೂತು, ಬೆರಳಿನ ಗಾಯದ ಕಲೆಯನ್ನು ಒತ್ತಿಕೊಳ್ಳುತ್ತಾ, "ಕುರಿ ಇಲ್ದೆ ನಾನು ಏನು ಮಾಡ್ಲಿ ತಮ್ಮ, ಬೆಳಗಾದ್ರೆ ಎದ್ದು ಎಲ್ಲಿಗೆ ಹೋಗ್ಲಿ" ಎಂದಳು. ನನ್ನನ್ನು ಓದಿಸಿದವಳು. ಈ ಓದು ಅವಳಿಗೆ ಈಗ ಕೆಲಸಕ್ಕೆ ಬರದಿದ್ದರೆ ಇನ್ನು ಯಾವಾಗ ಬರಬೇಕು ಎನ್ನಿಸಿತು.

"ಸರ್ಕಾರ ಇನ್ನೂ ಸತ್ತಿಲ್ಲ ಅಕ್ಕ" ಎಂದು ದೊಡ್ಡದಾಗಿ ಹೇಳಿ ಅವತ್ತೇ ಅರ್ಜಿ ಬರೆದೆ. ಎರಡು ಹಾಳೆ, ಅಂದವಾದ ಅಕ್ಷರ, ಬಳುವಳಿಯಿಂದ ಹಿಡಿದು ಅಂಗೈ ಗುರುತಿನವರೆಗೆ ಎಲ್ಲವೂ. ಕೆಳಗೆ ಅಕ್ಕನ ಹೆಬ್ಬೆಟ್ಟು. ಪೋಸ್ಟಿಗೆ ಹಾಕುತ್ತೇನೆ ಎಂದರೆ ಅವಳು ಬೇಡವೆಂದಳು.

"ಪೋಸ್ಟಿನಾಗೆ ಎಲ್ಲಿ ಬಿದ್ದು ಹೋಗ್ತೈತೋ. ನಾನೇ ಹೋಗಿ ಸಾಹೇಬ್ರ ಕೈಗೆ ಕೊಟ್ಟು ಬರ್ತೀನಿ."

ಓದುಬರಹ ಬಾರದ ಹೆಂಗಸು ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿಕೊಂಡು ಒಬ್ಬಳೇ ಕಚೇರಿಗೆ ಹೋಗಿ ಬಂದಳಲ್ಲ ಎಂದು ಶಾಲೆಯಲ್ಲಿ ಎಲ್ಲರ ಮುಂದೆ ಹೊಗಳಿಕೊಂಡೆ. ಎರಡು ತಿಂಗಳು ಕಾದೆ, ಉತ್ತರವಿಲ್ಲ. ಅಕ್ಕ ಮತ್ತೆ ಬಂದಳು, ಇನ್ನೊಂದು ಬರೆದುಕೊಡು ಎಂದಳು. ಬರೆದೆ. ಅದಕ್ಕೂ ಉತ್ತರವಿಲ್ಲ. ಮೂರನೆಯ ಸಲ ಬಂದಾಗ ಎರಡು ಸೇರು ಹುರುಳಿ ತಂದಿದ್ದಳು.

"ಈ ಸಲ ಸ್ವಲ್ಪ ಖಾರವಾಗಿ ಬರಿ" ಎಂದಳು. "ಪೊಲೀಸು, ಜೈಲು ಅಂತೆಲ್ಲ ಹಾಕು."

ಹಾಕಿದೆ. ನಾಲ್ಕನೆಯದರಲ್ಲಿ ಮಂತ್ರಿಗಳಿಗೆ ದೂರು ಕೊಡುವುದಾಗಿಯೂ ಬರೆದೆ. ಪ್ರತಿಸಲವೂ ಅವಳೇ ಮಡಚಿ ಸೀರೆಯ ಸೆರಗಿಗೆ ಕಟ್ಟಿಕೊಂಡು ಹೋದಳು. ನಾನು ಇಲ್ಲಿ ಕೂತು ಆ ಕಚೇರಿಯವರಿಗೆ ಬಾಯಿಗೆ ಬಂದಂತೆ ಬೈದೆ. ಲಂಚಕೋರರು, ಬಡವರ ಕಾಗದ ಓದದವರು ಎಂದೆಲ್ಲ ಅಂದೆ. ಒಂದು ದಿನ ನನ್ನ ಹೆಂಡತಿ ಸಾವಂತ್ರಮ್ಮ ರೊಟ್ಟಿ ತಟ್ಟುತ್ತಾ ಕೇಳಿದಳು:

"ಅಲ್ರೀ, ನಾಲ್ಕು ಅರ್ಜಿಗೂ ಒಂದು ಉತ್ರ ಇಲ್ಲ. ನಿಮ್ಮಕ್ಕನ ಮುಖ ನೋಡಿದ್ರೆ ಸಲಸಲಕ್ಕೂ ಗೆಲುವಾಗ್ತೈತಲ್ಲ, ಅದು ಹೆಂಗೆ?"

ಆಕೆಗೆ ಚೆನ್ನಾಗಿ ಬೈದೆ. ಕಷ್ಟವನ್ನು ನುಂಗಿಕೊಂಡು ನಗುವುದು ನಿನ್ನಂಥವಳಿಗೆ ಹೇಗೆ ಅರ್ಥವಾಗಬೇಕು ಎಂದೆ. ಎರಡು ದಿನ ಮಾತು ಬಿಟ್ಟೆ. ಈಗ ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಐದನೆಯ ಅರ್ಜಿಯನ್ನು ಅಕ್ಕ ಕೇಳಲಿಲ್ಲ, ನಾನೇ ಬರೆದೆ. ನಾಲ್ಕು ಅರ್ಜಿಗೆ ಅಲುಗದವರನ್ನು ಅಲ್ಲಾಡಿಸಿಯೇ ತೀರುತ್ತೇನೆ ಎಂಬ ಹಟ. ಅಕ್ಕನ ಹೆಬ್ಬೆಟ್ಟು ಒತ್ತಿಸಿಟ್ಟುಕೊಂಡಿದ್ದ ಒಂದು ಖಾಲಿ ಹಾಳೆ ನನ್ನ ಹತ್ತಿರ ಇತ್ತು, ಅದರ ಮೇಲೇ ಬರೆದೆ. ಬರೆದವನು, ಸಾಕ್ಷಿ ಎಂದು ಕೆಳಗೆ ನನ್ನ ಹೆಸರು, ಹುದ್ದೆ, ಶಾಲೆಯ ಹೆಸರು ಹಾಕಿ ರುಜು ಮಾಡಿ ಮೇಲಿನ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಎರಡೇ ತಿಂಗಳಿಗೆ ಎರಡು ಕಾಗದ ಬಂದವು. ಒಂದರಲ್ಲಿ, ಸಂತೇಬೆನ್ನೂರಿನ ಪ್ರವಾಸಿ ಮಂದಿರದಲ್ಲಿ ವಿಚಾರಣೆ, ಎಲ್ಲರೂ ಹಾಜರಾಗಬೇಕು ಎಂದಿತ್ತು. ಇನ್ನೊಂದು ನಮ್ಮ ಇಲಾಖೆಯದು. ಮೇಷ್ಟ್ರು ಸುಳ್ಳು ಅರ್ಜಿ ಬರೆದು ಬೆದರಿಸುತ್ತಿದ್ದಾರೆ ಎಂದು ಷಣ್ಮುಖಪ್ಪನವರು ದೂರು ಕೊಟ್ಟಿದ್ದರು. ಅರ್ಜಿ ಸುಳ್ಳೆಂದು ಸಾಬೀತಾದರೆ ನನ್ನ ಮೇಲೆ ಶಿಸ್ತಿನ ಕ್ರಮ. ನನಗೇನೂ ಭಯವಾಗಲಿಲ್ಲ. ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದನ್ನು ಹೇಳಲು ಅಕ್ಕ, ಭಾವ ಇದ್ದರು.

ನೋಟೀಸು ತೋರಿಸಲು ಅಕ್ಕನ ಊರಿಗೆ ಹೋದಾಗ ಅವಳೊಬ್ಬಳೇ ಇದ್ದಳು. ಭಾವ ಎಲ್ಲೋ ಕುರಿ ಕಾಯಲು ಹೋಗಿದ್ದಾನೆ ಎಂದಳು. ಯಾರ ಕುರಿ ಎಂದರೆ, ಕೂಲಿಗೆ ಎಂದಳು. ಕಾಗದ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಪೋಸ್ಟಿಗೆ ಹಾಕಿದ್ಯಾ?" ಎಂದಳು ಮೆಲ್ಲಗೆ. "ನಂಗೊಂದು ಮಾತು ಕೇಳ್ಬಾರ್ದಾ?"

ಹೆದರಿದ್ದಾಳೆ ಅಂದುಕೊಂಡು ಧೈರ್ಯ ಹೇಳಿ ಬಂದೆ.

ವಿಚಾರಣೆಯ ದಿನ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ಒಳಗೆ ಮೇಜಿನ ಹಿಂದೆ ಸಾಹೇಬರು, ಪಕ್ಕದಲ್ಲಿ ಒಬ್ಬ ಗುಮಾಸ್ತ. ಷಣ್ಮುಖಪ್ಪನವರು ಗೋಡೆಗೆ ಒರಗಿ ನಿಂತಿದ್ದರು, ಬಾಗಿಲ ಹತ್ತಿರ ಅಕ್ಕ, ಭಾವ. ನಿರ್ಮಲಮ್ಮ ಬಂದಿರಲಿಲ್ಲ. ಸಾಹೇಬರು ಒಳ್ಳೆಯವರು, ಅದನ್ನು ಹೇಳಲೇಬೇಕು. ಕಡತ ಪೂರ್ತಿ ಓದಿಕೊಂಡು ಬಂದಿದ್ದರು.

"ಇದಕ್ಕೆ ಮುಂಚೆ ನಾಲ್ಕು ಅರ್ಜಿ ಕೊಟ್ಟೀವಿ ಅಂತ ಬರ್ದೀರಲ್ಲ ಮೇಷ್ಟ್ರೇ, ನಮ್ಮ ಯಾವ ಕಚೇರಿಗೂ ಒಂದೂ ಬಂದಿಲ್ವಲ್ಲ" ಎಂದರು.

ನನ್ನೊಳಗೆ ಒಂದು ನಗು ಬಂತು. ಕಳೆದುಹಾಕಿ ಈಗ ಬಂದಿಲ್ಲ ಎನ್ನುತ್ತಾರೆ, ಇವರ ಬುದ್ಧಿಯೇ ಇಷ್ಟು ಎಂದುಕೊಂಡೆ. ಅವರು ಭಾವನ ಕಡೆ ತಿರುಗಿದರು.

"ಓಬಣ್ಣ, ಹೆದರಬೇಡ, ನಿಜ ಹೇಳು. ಸತ್ತ ಕುರಿ ಯಾರವು?"

ಭಾವ ನೆಲ ನೋಡಿದ. ಹೆಗಲ ಮೇಲಿನ ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ.

"ಸಾವ್ಕಾರ್ರವು ಸ್ವಾಮಿ. ನಾನು ಕಾಯಾಕೆ ಇದ್ದೆ."

ನನಗೆ ಮೊದಲು ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ಸಾಹೇಬರು ಇನ್ನೊಂದು ಸಲ ಕೇಳಿದರು, ಅವನು ಇನ್ನೊಂದು ಸಲ ಅದನ್ನೇ ಹೇಳಿದ. ಹೆದರಿಸಿದ್ದಾರೆ ಸಾರ್, ಅವನನ್ನು ಬಿಡಿ, ಕುರಿ ಅವನದ್ದಲ್ಲ, ನಮ್ಮಕ್ಕನದು, ಬಳುವಳಿಯದು, ಅವಳನ್ನು ಕೇಳಿ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಸಾಹೇಬರು ಅಕ್ಕನನ್ನು ಮುಂದೆ ಕರೆದರು.

ಅಕ್ಕ ನನ್ನ ಕಡೆ ನೋಡಲಿಲ್ಲ. "ನಮ್ಮೆಜಮಾನ್ರು ಹೇಳಿದ್ದೇ ಸರಿ ಸ್ವಾಮಿ" ಎಂದಳು. "ಆ ಕುರಿ ನಮ್ಮವಲ್ಲ."

"ಹಾಗಾದ್ರೆ ಈ ಅರ್ಜಿ?"

"ಅದು ನಂಗೆ ಗೊತ್ತಿಲ್ಲ. ತಮ್ಮ ಬರ್ದವ್ನೆ."

ಸಾಹೇಬರು ಬಹಳ ಹೊತ್ತು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವಂತಿತ್ತು. ಅದೇ ತಡೆಯಲಾಗಲಿಲ್ಲ. ಇದನ್ನೆಲ್ಲ ಒಂದು ಹೇಳಿಕೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿ ಕೊಡಿ, ಊಟ ಮಾಡಿ ಬರುತ್ತೇನೆ ಎಂದು ಅವರು ಎದ್ದರು.

ಹೊರಗೆ ಜಗಲಿಯಲ್ಲಿ ನಾನು ಅಕ್ಕನ ತೋಳು ಹಿಡಿದು ನಿಲ್ಲಿಸಿದೆ. "ಏನು ಹೆದರಿಸಿದ್ರು ಹೇಳು, ಈಗ್ಲೇ ಒಳಗೆ ಹೋಗಿ ಹೇಳಾನ" ಎಂದೆ. ಅವಳು ತೋಳು ಬಿಡಿಸಿಕೊಂಡಳು.

"ಯಾರೂ ಹೆದರಿಸಿಲ್ಲ. ನೀನು ಆ ಕಾಗ್ದ ಪೋಸ್ಟಿಗೆ ಹಾಕಿ ಎಲ್ಲಾ ಕೆಡಿಸ್ದೆ."

"ನಾನು ಕೆಡಿಸಿದ್ನಾ?"

"ನಿನ್ನ ಮೊದ್ಲನೇ ಅರ್ಜಿ ತಗಂಡೋಗಿ ಸಾವ್ಕಾರ್ರಿಗೆ ಕೊಟ್ಟೆ. ಓದಿದ್ರು. ಎಂಟು ಕುರಿ ಕೊಟ್ರು. ಎರಡನೇದಕ್ಕೆ ಹತ್ತು. ಜೈಲು ಅಂತ ಬರ್ದಿದ್ಯಲ್ಲ, ಅದಕ್ಕೆ ಎಂಟು. ಮಂತ್ರಿಗಳದ್ದಕ್ಕೆ ಆರು." ಲೆಕ್ಕ ತಪ್ಪದಂತೆ ಬೆರಳು ಮಡಚಿ ಹೇಳಿದಳು. "ಮೂವತ್ತೆರಡಾದ್ವು. ಇನ್ನೆರಡು ಅರ್ಜಿ ಆಗಿದ್ರೆ ಮಂದೆ ಅನ್ನಿಸ್ಕೊಳ್ಳಾದು. ಈಗ ಕುರಿ ನಮ್ಮವು ಅಂದ್ರೆ ಸರ್ಕಾರದೋರು ಅವ್ರ ಹತ್ರ ದುಡ್ಡು ವಾಪಸ್ ಕಿತ್ಕಂತಾರಂತೆ, ಅವ್ರು ನಮ್ಮ ಹತ್ರ ಕುರಿ ಕಿತ್ಕಂತಾರೆ. ಆಮ್ಯಾಲೆ ಸರ್ಕಾರ ನಂಗೆ ಕೊಡ್ತೈತಾ? ಯಾವಾಗ ಕೊಡ್ತೈತೆ? ನೀನೇ ಹೇಳು."

ಒಂದು ವರ್ಷ ನಾನು ಕೂತು ತಿದ್ದಿ ತೀಡಿ ಬರೆದದ್ದೆಲ್ಲ ನ್ಯಾಯಕ್ಕಾಗಿ ಎಂದುಕೊಂಡಿದ್ದೆ. ಅವಳು ಅದನ್ನು ಒಂದೊಂದಾಗಿ ಮಾರಿದ್ದಳು, ಕೊಂಡವನು ಷಣ್ಮುಖಪ್ಪ. ಅರ್ಜಿಯನ್ನೇ ಕಾಣದ ಕಚೇರಿಯವರಿಗೆ ನಾನು ಹಾಕಿದ ಶಾಪವೆಲ್ಲ ಸುಮ್ಮನೆ ವ್ಯರ್ಥ.

"ನನ್ನ ಕೆಲಸ ಹೋಗ್ತೈತಲ್ಲ ಅಕ್ಕ" ಎಂದೆ.

"ಸರ್ಕಾರಿ ಕೆಲ್ಸ ಎಲ್ಲಿ ಹೋಗ್ತೈತೆ ಬಿಡು. ತಿಂಗ್ಳಾದ್ರೆ ನಿಂಗೆ ಸಂಬ್ಳ ಬಂದೇ ಬರ್ತೈತೆ. ನಂಗೇನೈತೆ?"

ಅವಳು ಹೇಳಿದ್ದು ಒಂದರ್ಥದಲ್ಲಿ ಸರಿಯೇ. ಕೆಲಸ ಹೋಗಲಿಲ್ಲ. ಎರಡು ವರ್ಷದ ಬಡ್ತಿ ಸಂಬಳ ನಿಲ್ಲಿಸಿದರು, ಬಸ್ಸಿಲ್ಲದ ಊರಿಗೆ ವರ್ಗ ಮಾಡಿದರು, ಸರ್ವೀಸ್ ಪುಸ್ತಕದಲ್ಲಿ ಸುಳ್ಳುಗಾರ ಎಂದು ಬರೆದರು. ಅಷ್ಟೇ.

ಗುಮಾಸ್ತ ಬಾಗಿಲಿಗೆ ಬಂದು ಹೇಳಿಕೆ ಯಾರು ಬರೆಯುತ್ತೀರಿ, ನನಗೆ ಊಟಕ್ಕೆ ಹೊತ್ತಾಯಿತು ಎಂದ. ಷಣ್ಮುಖಪ್ಪನವರು ತಾವು ಬರೆಯುವುದು ಸರಿ ಕಾಣುವುದಿಲ್ಲ ಎಂದು ಸಭ್ಯರಂತೆ ಹಿಂದೆ ಸರಿದರು. ಭಾವ ಅಷ್ಟು ಹೊತ್ತಿಗೆ ಬೇವಿನ ಮರದ ಕೆಳಗೆ ಹೋಗಿ ಕೂತಿದ್ದ.

"ನಮ್ಮ ತಮ್ಮನೇ ಬರೀತಾನೆ" ಎಂದಳು ಅಕ್ಕ. "ಅವನ ಅಕ್ಷರ ಚೆನ್ನಾಗೈತೆ."

ಬರೆಯುವುದಿಲ್ಲ ಎಂದು ಎದ್ದು ಹೋಗಬಹುದಿತ್ತು. ಯಾಕೆ ಹೋಗಲಿಲ್ಲ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅವಳು ಹೇಳಿದರೆ ಮಾಡುವುದು ಚಿಕ್ಕಂದಿನಿಂದ ರೂಢಿ, ಅದಕ್ಕೇ ಇರಬೇಕು. ಜಗಲಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಅವಳು ಹೇಳಿದಂತೆ ಬರೆದೆ. ಸತ್ತ ಐವತ್ತೆಂಟು ಕುರಿಗಳು ಶ್ರೀ ಷಣ್ಮುಖಪ್ಪನವರಿಗೆ ಸೇರಿದವು. ನನ್ನ ತಮ್ಮನಾದ ತಿಪ್ಪೇಶಪ್ಪನು ನನಗೆ ತಿಳಿಸದೆ, ನನ್ನ ಹೆಸರಿನಲ್ಲಿ ಸುಳ್ಳು ಅರ್ಜಿ ಬರೆದಿರುತ್ತಾನೆ. ಬರೆದು ಮುಗಿಸಿ ಅವಳ ಕಡೆ ಹಾಳೆ ನೂಕಿದೆ, ಶಾಯಿಯ ಡಬ್ಬಿ ಮುಂದಿಟ್ಟೆ.

ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ಹಾಳೆ ಎತ್ತಿಕೊಂಡು ಗುಮಾಸ್ತನ ಹತ್ತಿರ ಹೋದಳು.

"ಸ್ವಾಮಿ, ನಾನು ಹೇಳಿದ್ದೇ ಬರ್ದವ್ನಾ, ಒಂಚೂರು ಓದಿ ಹೇಳ್ರಿ" ಎಂದಳು.